48 ಗಂಟೆಯ ಆ ಕಾಗದ ಎಲ್ಲಿದೆ?

ರಾಯಚೂರು ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮತ್ತು ಜಿಲ್ಲೆಯಲ್ಲಿ ವ್ಯವಹಾರ ಮಾಡುವ ವಿಮಾ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ಸುಳ್ಳು ಅಪಘಾತ ಕ್ಲೇಮಿನ ಸುಳಿವು ಹೆಚ್ಚಾಗಿ ಮೊದಲ ದಿನವೇ ಸಿಕ್ಕಿರುತ್ತದೆ. ಆದರೆ ಸಿಕ್ಕಿದ ಕಡೆಯೇ ಕೂತುಬಿಡುತ್ತದೆ. ಆಸ್ಪತ್ರೆಗೆ ಗೊತ್ತಿದ್ದದ್ದು ಠಾಣೆಗೆ ಬರಲ್ಲ. ಠಾಣೆಗೆ ಗೊತ್ತಿದ್ದದ್ದು ಕಂಪನಿಗೆ ಹೋಗಲ್ಲ. ಕಂಪನಿಗೆ ಕೊನೆಗೆ ಗೊತ್ತಾದದ್ದು ಮತ್ತೆ ಪೊಲೀಸರ ಹತ್ತಿರ ಬರಲ್ಲ. ಇವರೆಲ್ಲ ಒಬ್ಬರಿಗೊಬ್ಬರು ಹೇಳಲೇಬೇಕು ಅಂತ ಕಾನೂನು ಇದೆ. ದಿನ, ಗಂಟೆ ಎಲ್ಲ ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ. ಅಪಘಾತದ ಮಾಹಿತಿ ಸಿಕ್ಕ 48 ಗಂಟೆಯೊಳಗೆ ಪೊಲೀಸರು ಕಳಿಸಬೇಕಾದ ಮೊದಲ ವರದಿ ಅದರಲ್ಲಿ ಒಂದು. ಅದನ್ನು ನೆನಪಿಸೋಕೇ ಈ ಪತ್ರ.

ನಾನು ವಿಮಾ ಕಂಪನಿಗಳ ಪರವಾಗಿ ಎಂವಿಸಿ ಕೇಸುಗಳ, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸುಗಳ, ತನಿಖೆ ಮಾಡುವವನು. ಸಿಂಧನೂರು, ಮಸ್ಕಿ, ಮಾನ್ವಿ, ಲಿಂಗಸುಗೂರು ಕಡೆ ನನ್ನ ಓಡಾಟ, ಒಮ್ಮೊಮ್ಮೆ ಗಡಿ ದಾಟಿ ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೂ ಹೋಗುತ್ತೇನೆ. ಮುಂದೆ ಹೇಳುವ ಫೈಲು ಯಾವ ಠಾಣೆಯದು, ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಒಬ್ಬರನ್ನು ಹಿಡಿದು ಬೈಯೋದು ನನ್ನ ಉದ್ದೇಶ ಅಲ್ಲ.

ಈ ಧಂದೆಗೆ ನಮ್ಮ ಕಡೆ 'ಗಾಡಿ ಹಾಕೋದು' ಅಂತಾರೆ. ಬೈಕಿನವನು ತಾನೇ ಬಿದ್ದಿರುತ್ತಾನೆ, ಇಲ್ಲವೇ ಗುದ್ದಿದ ಗಾಡಿ ಸಿಕ್ಕಿರುವುದಿಲ್ಲ, ಇಲ್ಲವೇ ಗುದ್ದಿದ್ದು ಊರಿನದೇ ಟ್ರ್ಯಾಕ್ಟರ್, ಅದಕ್ಕೆ ಇನ್ಶೂರೆನ್ಸ್ ಇರುವುದಿಲ್ಲ. ಆಗ ಇನ್ಶೂರೆನ್ಸ್ ಚಾಲ್ತಿಯಲ್ಲಿರುವ ಯಾರದೋ ಗಾಡಿ ಕರೆತಂದು, ಲೈಸೆನ್ಸ್ ಇರುವ ಒಬ್ಬ ಡ್ರೈವರನ್ನು ಹೊಂದಿಸಿ, ದೂರು ಕೊಡುತ್ತಾರೆ. ಮೂರನೆಯದು ಹಳ್ಳಿಗಳಲ್ಲಿ ಜಾಸ್ತಿ. ಭತ್ತದ ಕಟಾವಿನ ಹೊತ್ತಿಗೆ ಟ್ರಾಲಿ ಹಿಂದೆ ರಿಫ್ಲೆಕ್ಟರ್ ಇಲ್ಲದೆ ರಾತ್ರಿ ರಸ್ತೆಗಿಳಿಯುವ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಂ ಪ್ರಕಾರ ಮೂರನೇ ವ್ಯಕ್ತಿಯ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ಭರಿಸುವ ವಿಮೆ, ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲದ ದಂಡ 2,000 ರೂಪಾಯಿ. ಆ ದಂಡಕ್ಕೆ ಯಾರೂ ಹೆದರುವುದಿಲ್ಲ. ಹೆದರಿಕೆ ಏನಿದ್ದರೂ ಪರಿಹಾರದ ಹಣ ಹೊಲ ಮಾರಿ ಕಟ್ಟಬೇಕಾಗುತ್ತದೆ ಅನ್ನುವುದಕ್ಕೆ. ಹಾಗಾಗಿ ಇನ್ಶೂರೆನ್ಸ್ ಇರುವ ಅಳಿಯನ ಟ್ರ್ಯಾಕ್ಟರ್ ಬರುತ್ತದೆ.

ಒಂದು ಫೈಲನ್ನು ಬಿಚ್ಚಿ ತೋರಿಸುತ್ತೇನೆ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ, ಸಾವಿನ ಪ್ರಕರಣ) ರಿಜಿಸ್ಟರಿನಲ್ಲಿ ರಾತ್ರಿ 8.40ಕ್ಕೆ ಒಂದು ಸಾಲು: 'ಬೈಕ್ ಸ್ಕಿಡ್ ಆಗಿ ಬಿದ್ದು ಗಾಯ, ಕರೆತಂದವರು ಅಣ್ಣ.' ಮೂರು ವಾರ ಕಳೆದ ಮೇಲೆ ಠಾಣೆಯಲ್ಲಿ ದೂರು. ಅದರಲ್ಲಿ 'ಹಿಂದಿನಿಂದ ಬಂದ ಟ್ರ್ಯಾಕ್ಟರ್ ಚಾಲಕನು ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ' ಅಂತ ಶುರುವಾಗುವ, ನಮಗೆಲ್ಲ ಬಾಯಿಪಾಠ ಆಗಿರುವ ಸಾಲುಗಳು. ಆಮೇಲೆ ಮೋಟಾರು ವಾಹನ ನಿರೀಕ್ಷಕರ ಐಎಂವಿ ವರದಿ, ಅಂದರೆ ಗಾಡಿಗಳನ್ನು ಪರಿಶೀಲಿಸಿ ಬರೆದ ವರದಿ. ಟ್ರ್ಯಾಕ್ಟರಿಗೆ ಯಾವುದೇ ಜಖಂ ಇಲ್ಲ. ಬೈಕಿನ ಬಲಗಡೆ ಫುಟ್‌ರೆಸ್ಟ್ ಬಾಗಿದೆ, ಹ್ಯಾಂಡಲ್ ಬಲಕ್ಕೆ ತಿರುಚಿದೆ. ಹಿಂದಿನ ಮಡ್‌ಗಾರ್ಡು, ನಂಬರ್ ಪ್ಲೇಟು, ಹಿಂದಿನ ಲೈಟು ಎಲ್ಲ ನೆಟ್ಟಗಿವೆ. ಟ್ರ್ಯಾಕ್ಟರ್ ಹಿಂದಿನಿಂದ ಗುದ್ದಿದ ಬೈಕಿನ ಹಿಂದಿನ ಲೈಟು ಒಡೆಯದೆ ಉಳಿಯೋದು ಹೇಗೆ ಸ್ವಾಮಿ? ಮೂರೂ ಕಾಗದ ಸರ್ಕಾರದ್ದೇ. ಮೂರನ್ನೂ ಒಂದೇ ಟೇಬಲ್ ಮೇಲಿಟ್ಟು ಓದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನಾನು ವರದಿ ಬರೆದು ಕಂಪನಿಗೆ ಕೊಟ್ಟೆ. ಕಂಪನಿ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ತಕರಾರು ಹಾಕಿತು. ಕೇಸು ಮುಂದೂಡುತ್ತಾ ಹೋಯಿತು. ಕೊನೆಗೆ ಲೋಕ ಅದಾಲತ್‌ನಲ್ಲಿ ಕೇಳಿದ್ದಕ್ಕಿಂತ ಕಡಿಮೆ ಮೊತ್ತಕ್ಕೆ ರಾಜಿ. ಕಂಪನಿಗೆ ಉಳಿತಾಯ, ಅರ್ಜಿದಾರನಿಗೆ ಒಂದಿಷ್ಟು ದುಡ್ಡು, ಮಧ್ಯದವರಿಗೆ ಅವರ ಪಾಲು. ನನ್ನ ವರದಿ ಆ ಫೈಲಿನ ಜೊತೆಗೇ ಕಪಾಟಿಗೆ ಹೋಯಿತು. ಮುಂದೆ ಅದೇ ಡ್ರೈವರಿನ ಹೆಸರು ಬೇರೆ ಕಂಪನಿಯ ಫೈಲಿನಲ್ಲಿ ಕಂಡೆ. ಆ ಕಂಪನಿಯವರಿಗೆ ಈತ ಯಾರು ಅಂತಲೇ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ಯಾರೂ ಮಾಡಿರಲಿಲ್ಲ.

ಈಗ ಕಾನೂನು ಏನು ಹೇಳುತ್ತದೆ ನೋಡಿ.

ಅಪಘಾತ ಆದ 24 ಗಂಟೆಯೊಳಗೆ ಚಾಲಕ ಪೊಲೀಸರಿಗೆ ತಿಳಿಸಬೇಕು. ವಿಮಾ ಕಂಪನಿಗೂ ಪಾಲಿಸಿ ನಂಬರು, ದಿನ, ಜಾಗ, ಗಾಯಗೊಂಡವರ ವಿವರವನ್ನು ಬರವಣಿಗೆಯಲ್ಲಿ ಕೊಡಬೇಕು. ಇದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ. ನನ್ನ ಕೈಗೆ ಬಂದ ಫೈಲುಗಳಲ್ಲಿ ಚಾಲಕ ತಾನಾಗಿ ಕಂಪನಿಗೆ ಬರೆದ ಕಾಗದ ಕಾಣಿಸೋದು ಬಲು ಅಪರೂಪ. ಮಾಲೀಕ ತನ್ನ ಗಾಡಿ ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದಾಗ ಹೇಳಲೇಬೇಕು, ಅದು 133ನೇ ಕಲಂ.

ಮುಖ್ಯವಾದದ್ದು ಪೊಲೀಸರ ಪಾಲಿನದು. 2019ರ ತಿದ್ದುಪಡಿಯ ಪರಿಹಾರದ ಭಾಗ ಮತ್ತು ಅದಕ್ಕೆ ಬೇಕಾದ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತನಿಖಾಧಿಕಾರಿ ಅಪಘಾತದ ಮಾಹಿತಿ ಸಿಕ್ಕ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಅದರ ಪ್ರತಿ ಗಾಯಾಳುವಿಗೆ, ವಿಮಾ ಕಂಪನಿಗೆ, ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ. ಆಸ್ಪತ್ರೆ 15 ದಿನದೊಳಗೆ ಎಂಎಲ್‌ಸಿ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಕೊಡಬೇಕು. ಆರ್‌ಟಿಒ ಕಚೇರಿ ಲೈಸೆನ್ಸು, ಪರ್ಮಿಟ್ಟು, ಫಿಟ್‌ನೆಸ್ ಪರಿಶೀಲಿಸಿ 15 ದಿನದಲ್ಲಿ ಹೇಳಬೇಕು. ಇದನ್ನೆಲ್ಲ ದೇಶದಾದ್ಯಂತ ಪಾಲಿಸಬೇಕು ಅಂತ ಸುಪ್ರೀಂ ಕೋರ್ಟು 2022ರ ಡಿಸೆಂಬರ್ 15ರಂದು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿದೆ.

48 ಗಂಟೆಯ ಆ ಕಾಗದ ಯಾಕೆ ಅಷ್ಟು ಮುಖ್ಯ ಅಂದರೆ, ಗಾಡಿ ಹಾಕೋಕೆ ಸಮಯ ಬೇಕು. ಪಾಲಿಸಿ ಇರುವ ಗಾಡಿ ಹುಡುಕಬೇಕು, ಮಾಲೀಕನನ್ನು ಒಪ್ಪಿಸಬೇಕು, ಡ್ರೈವರಿಗೆ ಧೈರ್ಯ ಹೇಳಬೇಕು, ಸಾಕ್ಷಿಗಳನ್ನು ಹೊಂದಿಸಬೇಕು. ಎರಡು ದಿನದಲ್ಲಿ ಇಷ್ಟೆಲ್ಲ ಆಗೋದು ಕಷ್ಟ. ಮೊದಲ ವರದಿಯಲ್ಲಿ 'ವಾಹನ ಪತ್ತೆಯಾಗಿಲ್ಲ' ಅಂತಲೋ 'ಸ್ಕಿಡ್ ಎಂದು ಹೇಳಿದ್ದಾರೆ' ಅಂತಲೋ ಬರೆದು ನ್ಯಾಯಮಂಡಳಿಗೆ, ಕಂಪನಿಗೆ, ಗಾಯಾಳುವಿಗೆ ಮೂವರಿಗೂ ಕಳಿಸಿದರೆ, ಮೂರು ವಾರದ ಮೇಲೆ ಟ್ರ್ಯಾಕ್ಟರ್ ತಂದು ನಿಲ್ಲಿಸುವವನು ಅದು ಎಲ್ಲಿಂದ ಬಂತು ಅಂತ ವಿವರಿಸಬೇಕಾಗುತ್ತದೆ. ನಿಜವಾಗಿ ಗುದ್ದಿದ ಗಾಡಿ ತಡವಾಗಿ ಸಿಕ್ಕಿದ್ದರೆ ವಿವರಣೆ ಇದ್ದೇ ಇರುತ್ತದೆ, ಸಿಸಿಟಿವಿಯೋ, ಕಂಡವರೋ, ಮುರಿದ ಗಾಜೋ.

ಇಲ್ಲಿ ವಿಮಾ ಕಂಪನಿಯವರಿಗೂ ಒಂದು ಮಾತು. ತಡವಾದ ದೂರೆಲ್ಲ ಸುಳ್ಳಲ್ಲ. ನಮ್ಮ ಕಡೆ ಜನ ಗಾಯಾಳುವನ್ನು ಎತ್ತಿಕೊಂಡು ಮೊದಲು ಓಡುವುದು ಬಳ್ಳಾರಿಗೋ ಕರ್ನೂಲಿಗೋ ಹೈದರಾಬಾದಿಗೋ. ಠಾಣೆ ನೆನಪಾಗುವುದು ಐಸಿಯುನಿಂದ ಹೊರಗೆ ತಂದ ಮೇಲೆ. ಪರರಾಜ್ಯದ ಆಸ್ಪತ್ರೆಯ ಎಂಎಲ್‌ಸಿ ಮಾಹಿತಿ ಅಲ್ಲಿನ ಠಾಣೆಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಗಾಯ ಒಣಗಿರುತ್ತದೆ. ಎಂಎಲ್‌ಸಿಯಲ್ಲಿ ಬರೆಯುವ ಕಾರಣವೂ ಅಷ್ಟೆ. ಪ್ರಜ್ಞೆ ಇಲ್ಲದವನ ಬದಲು ಕರೆತಂದವನು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಆತ ಅಪಘಾತವನ್ನು ನೋಡಿರಬೇಕೆಂದೇನೂ ಇಲ್ಲ. ದೂರು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮನ್ನು ಅನುಮಾನಿಸಬಾರದು ಅಂತ ಸುಪ್ರೀಂ ಕೋರ್ಟು 2011ರಲ್ಲೇ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಹೇಳಿದೆ. ಆದರೂ 'ಎಫ್‌ಐಆರ್ ಲೇಟು' ಅನ್ನುವ ಎರಡು ಪದದ ಮೇಲೆ ವಂಚನೆ ಅಂತ ಬರೆದುಕೊಡಿ ಎಂದು ನನ್ನಂಥವರನ್ನು ಕೇಳುತ್ತಾರೆ. ನಾನು ಬರೆದುಕೊಡಲ್ಲ. ವಂಚನೆ ಅಂತ ನಿಜವಾಗಿ ಅನಿಸಿದ್ದರೆ ಅದನ್ನು ಹೇಳುವ ಜಾಗ ಬೇರೆ ಇದೆ.

ಆ ಜಾಗ ಯಾವುದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2013ರ ಜನವರಿಯಲ್ಲೇ ಹೇಳಿತ್ತು. ಪ್ರತಿ ಕಂಪನಿಗೂ ಆಡಳಿತ ಮಂಡಳಿ ಒಪ್ಪಿದ ವಂಚನೆ ತಡೆ ನೀತಿ ಇರಬೇಕು, ಪೊಲೀಸರ ಜೊತೆ ಮಾಹಿತಿ ಹಂಚಿಕೊಳ್ಳುವ ಕ್ರಮ ಇರಬೇಕು, ಕಂಪನಿ ಕಂಪನಿಗಳ ನಡುವೆಯೂ ಮಾಹಿತಿ ಓಡಾಡಬೇಕು, ವರ್ಷಕ್ಕೊಮ್ಮೆ ಪ್ರಾಧಿಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಅದರ ಜಾಗಕ್ಕೆ 2025ರಲ್ಲಿ ಹೊಸ ಮಾರ್ಗಸೂಚಿ ಬಂತು, ಅದು ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಕಂಪನಿಯೊಳಗಿನ ವಂಚನೆ, ಏಜೆಂಟರ ವಂಚನೆ, ಪಾಲಿಸಿದಾರರ ವಂಚನೆ, ಹೊರಗಿನವರ ವಂಚನೆ ಅಂತ ವಿಂಗಡಿಸಿ, ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಸಮಿತಿ, ಪ್ರತ್ಯೇಕ ಘಟಕ ಇರಬೇಕು ಅನ್ನುತ್ತದೆ. ಇದೆಲ್ಲ ಮುಂಬೈ, ಹೈದರಾಬಾದಿನ ಮುಖ್ಯ ಕಚೇರಿಗಳಲ್ಲಿ ಚೆನ್ನಾಗಿ ನಡೆಯುತ್ತಿರಬಹುದು. ಫಾರಂ ತುಂಬಿರುತ್ತಾರೆ. ಇಲ್ಲಿನ ನ್ಯಾಯಮಂಡಳಿಯಲ್ಲಿ ರಾಜಿ ಮಾಡಿಕೊಂಡ ಫೈಲು ಆ ಲೆಕ್ಕಕ್ಕೆ ಸೇರುತ್ತದೆಯೇ ಅನ್ನೋದೇ ನನ್ನ ಪ್ರಶ್ನೆ. ಸುಳ್ಳು ಅಂತ ತಕರಾರಿನಲ್ಲಿ ಬರೆದು, ಆಮೇಲೆ ದುಡ್ಡು ಕೊಟ್ಟು, ಪೊಲೀಸರಿಗೆ ಒಂದು ಸಾಲೂ ಬರೆಯದಿದ್ದರೆ ಎರಡರಲ್ಲಿ ಒಂದು ಸುಳ್ಳು ಅಲ್ವಾ?

ಪೊಲೀಸರಿಗೆ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಪ್ರದೇಶದ ಉದಾಹರಣೆ ಇದೆ. ಅಲ್ಲಿ ಇಂಥ ಕ್ಲೇಮುಗಳ ತನಿಖೆಗೆ ಅಲಹಾಬಾದ್ ಹೈಕೋರ್ಟಿನ ಆದೇಶದಂತೆ 2015ರಲ್ಲಿ ವಿಶೇಷ ತಂಡ ರಚನೆಯಾಯಿತು. ಸಫೀಕ್ ಅಹ್ಮದ್ ಪ್ರಕರಣದಲ್ಲಿ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಜಾಲದಲ್ಲಿ ವಕೀಲರ ಹೆಸರುಗಳೂ ಇದ್ದವು. 2021ರಲ್ಲಿ ಕೋರ್ಟು ತನಿಖೆಯ ನಿಧಾನಕ್ಕೂ, ಅಲ್ಲಿನ ವಕೀಲರ ಪರಿಷತ್ತಿನ ಉದಾಸೀನಕ್ಕೂ ಗದರಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕೆಂದು ನನ್ನ ಆಸೆಯಲ್ಲ. ಮೊದಲ ವಾರದಲ್ಲೇ ಕಾಗದ ಓಡಾಡಿದ್ದರೆ ವಿಶೇಷ ತಂಡದ ಅಗತ್ಯವೇ ಬರಲ್ಲ.

ಊರಿನವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 'ಗೊತ್ತಿದ್ದೂ ಹೇಳದಿದ್ದರೆ ನಮ್ಮ ಮೇಲೂ ಕೇಸಾಗುತ್ತಾ?' ಅಂತ ಹಳ್ಳಿಗಳಲ್ಲಿ ಕೇಳುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಕೊಲೆ, ದರೋಡೆಯಂಥ ಕೆಲವು ಅಪರಾಧಗಳ ಪಟ್ಟಿ ಕೊಟ್ಟು, ಅವುಗಳ ವಿಷಯ ಗೊತ್ತಾದವರು ತಿಳಿಸಲೇಬೇಕು ಅನ್ನುತ್ತದೆ. ಸಾಮಾನ್ಯ ವಂಚನೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪಕ್ಕದ ಮನೆಯವನು ಸುಮ್ನಿದ್ದರೆ ಅದು ಅಪರಾಧ ಅಲ್ಲ. ಆದರೆ ಸುಳ್ಳು ಡ್ರೈವರಾಗಿ ನಿಂತರೆ, ಗಾಡಿ ಕೊಟ್ಟರೆ, ಪಂಚನಾಮೆಗೆ ಸುಳ್ಳು ಸಹಿ ಹಾಕಿದರೆ ಅದು ಬೇರೆ ಮಾತು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂನಲ್ಲಿ ವಂಚಿಸಿ ಹಣ ಪಡೆದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಐದು ಸಾವಿರ ರೂಪಾಯಿಗೆ 'ನಾನೇ ಓಡಿಸ್ತಿದ್ದೆ' ಅಂತ ಒಪ್ಪಿಕೊಳ್ಳುವ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ತಲೆಗೆ ಪೆಟ್ಟಾದವನು ಸತ್ತರೆ ತನ್ನ ಮೇಲೆ ಎಂಥ ಕೇಸು ಬರುತ್ತದೆ ಅಂತಲೂ ಹೇಳಿರುವುದಿಲ್ಲ.

ವಕೀಲ ಮಿತ್ರರು ಕಕ್ಷಿದಾರರ ಗುಟ್ಟಿನ ಮಾತು ಎತ್ತುತ್ತಾರೆ. ಸರಿ, ಕಕ್ಷಿದಾರ ಹೇಳಿದ್ದನ್ನು ವಕೀಲರು ಬಾಯಿಬಿಡುವಂತಿಲ್ಲ. ಆದರೆ ಕಾನೂನುಬಾಹಿರ ಕೆಲಸ ಮಾಡಲೆಂದೇ ಆಡಿದ ಮಾತಿಗೆ ಆ ರಕ್ಷಣೆ ಇಲ್ಲ ಅಂತ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂನಲ್ಲೇ ಇದೆ. ಇನ್ನು ಕಚೇರಿಗಳಲ್ಲಿ ಹೊಸದಾಗಿ ಶುರುವಾಗಿರುವ 'ಡೇಟಾ ಖಾಸಗಿ, ಕೊಡಕ್ಕಾಗಲ್ಲ' ಅನ್ನುವ ಉತ್ತರ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯ 17ನೇ ಕಲಂ ಅಪರಾಧದ ತಡೆಗೆ, ಪತ್ತೆಗೆ, ತನಿಖೆಗೆ ಬೇಕಾದ ಮಾಹಿತಿಗೆ ವಿನಾಯಿತಿ ಕೊಟ್ಟಿದೆ. ಕಂಪನಿಯಾಗಲಿ ಪರಿಹಾರ ಕೇಳುವವನಾಗಲಿ ಕೇಳಿದರೆ ಗಾಡಿಯ ವಿವರವನ್ನು ಠಾಣೆ ಮತ್ತು ಆರ್‌ಟಿಒ ಕೊಡಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯ 160ನೇ ಕಲಂ ಹೇಳುತ್ತದೆ. ಹಾಗಂತ ಅನುಮಾನ ಬಂದವರ ಹೆಸರನ್ನೆಲ್ಲ ಪಟ್ಟಿ ಮಾಡಿ ವಾಟ್ಸಪ್ಪಿನಲ್ಲಿ ತಿರುಗಿಸೋದಲ್ಲ. ಅದನ್ನೂ ಕಂಡಿದ್ದೇನೆ. ಅದು ಹಂಚಿಕೆ ಅಲ್ಲ, ಚಾಡಿ.

ಜಿಲ್ಲಾಧಿಕಾರಿಗಳೆ, ನಿಮಗೆ ಹೇಳಬೇಕಾದದ್ದು ಇನ್ನೂ ಇದೆ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ.

ಗಾಡಿ ಹಾಕುವ ದಲ್ಲಾಳಿ ಆಸ್ಪತ್ರೆಯ ಗೇಟಿನಲ್ಲಿ ನಿಂತು ಹೇಳುವುದು ಒಂದೇ ಮಾತು: 'ಗುದ್ದಿದ ಗಾಡಿ ಸಿಗಲಿಲ್ಲ ಅಂದ್ರೆ ನಿಮಗೆ ಒಂದು ರೂಪಾಯಿನೂ ಬರಲ್ಲ.' ಇದು ಹಸಿ ಸುಳ್ಳು. ಗುದ್ದಿ ಓಡಿಹೋದ ಪ್ರಕರಣಕ್ಕೆ ಕೇಂದ್ರದ ಪರಿಹಾರ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿ ಕೊಡಬೇಕಾದದ್ದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮಟ್ಟದ ವಿಚಾರಣಾ ಅಧಿಕಾರಿಗೆ. ಮಂಜೂರು ಮಾಡುವವರು ಸ್ವತಃ ನೀವೇ. ವಿಚಾರಣೆಗೆ ಒಂದು ತಿಂಗಳು, ಮಂಜೂರಾತಿಗೆ 15 ದಿನ. ವಕೀಲರೂ ಬೇಡ, ದಲ್ಲಾಳಿಯೂ ಬೇಡ.

ಇದನ್ನು ಸಂತ್ರಸ್ತರಿಗೆ ತಿಳಿಸುವ ಹೊಣೆಯನ್ನು ಸುಪ್ರೀಂ ಕೋರ್ಟು 2024ರ ಜನವರಿ 12ರಂದು ಠಾಣಾಧಿಕಾರಿಯ ಮೇಲೆ ಹಾಕಿದೆ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಗಾಯಾಳುವಿಗೆ ಅಥವಾ ಸತ್ತವರ ಮನೆಯವರಿಗೆ 'ನೀವು ಈ ಯೋಜನೆಯಲ್ಲಿ ಪರಿಹಾರ ಕೇಳಬಹುದು' ಅಂತ ಬರವಣಿಗೆಯಲ್ಲಿ ತಿಳಿಸಬೇಕು, ವಿಚಾರಣಾ ಅಧಿಕಾರಿಯ ಕಚೇರಿ ವಿಳಾಸ, ಇಮೇಲ್ ಕೊಡಬೇಕು. ಮೊದಲ ಅಪಘಾತ ವರದಿಯನ್ನೂ ಆ ಅಧಿಕಾರಿಗೆ ಕಳಿಸಬೇಕು. ಇದರ ಮೇಲೆ ಕಣ್ಣಿಡಲು ಜಿಲ್ಲಾ ಮಟ್ಟದ ಸಮಿತಿ ಇರಬೇಕು, ಅದು ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತಲೂ ಹೇಳಿದೆ. ನಾನು ಭೇಟಿ ಮಾಡಿದ ಮನೆಗಳಲ್ಲಿ ಅಂಥ ಪತ್ರ ಬಂದಿದೆ ಅಂತ ಹೇಳಿದವರನ್ನು ಈವರೆಗೆ ಕಂಡಿಲ್ಲ.

ತಾನೇ ಬಿದ್ದವನಿಗೂ ದಾರಿ ಇಲ್ಲದಿಲ್ಲ. ಬೈಕು ಅವನದೇ ಆಗಿದ್ದು, ಲೈಸೆನ್ಸ್ ಇದ್ದು, ಪಾಲಿಸಿಯ ಜೊತೆ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಸಾವಿಗೆ 15 ಲಕ್ಷ ರೂಪಾಯಿ ಇದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಒಂದು ಮನೆಯಲ್ಲಿ ಗೋಡೆಗೆ ನೇತುಹಾಕಿದ ಚೀಲದಿಂದ ಪಾಸ್‌ಬುಕ್ ತೆಗೆಸಿ ನೋಡಿದೆ. ಆ 20 ರೂಪಾಯಿ ಅಲ್ಲೇ ಇತ್ತು. ಅವರು ಅಷ್ಟರಲ್ಲಿ ದಲ್ಲಾಳಿಗೆ ಸಾಲ ಮಾಡಿ ಮುಂಗಡ ಕೊಟ್ಟಿದ್ದರು, ಯಾರದೋ ಟಾಟಾ ಏಸ್ ಹಾಕಿಸಲು. ನಿಜವಾಗಿ ಬರಬೇಕಾದ ಹಣ ಬಿಟ್ಟು ಸುಳ್ಳಿನ ಹಿಂದೆ ಹೋದರು. ಸುಳ್ಳು ಹೊರಬಿದ್ದರೆ ಬ್ಯಾಂಕಿನ ಕ್ಲೇಮಿಗೂ ಎಫ್‌ಐಆರ್‌ನ ಆ ಸುಳ್ಳು ಕಥೆಯೇ ಅಡ್ಡ ಬರುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ತಿಂಗಳು ಜಿಲ್ಲೆಯಲ್ಲಿ ಎಷ್ಟು ಅಪಘಾತ ದಾಖಲಾದವು, ಅದರಲ್ಲಿ ಎಷ್ಟಕ್ಕೆ 48 ಗಂಟೆಯಲ್ಲಿ ಮೊದಲ ವರದಿ ಹೋಯಿತು, ಗಾಡಿ ಪತ್ತೆಯಾಗದವರ ಎಷ್ಟು ಮನೆಗೆ ಪತ್ರ ಹೋಯಿತು, ಎಷ್ಟು ಅರ್ಜಿ ಮಂಜೂರಾದವು. ಈ ನಾಲ್ಕು ಸಂಖ್ಯೆಯನ್ನು ಪ್ರಕಟಿಸಿ. ಸಂತ್ರಸ್ತರಿಗೆ ಕೊಡುವ ಪತ್ರ ಕನ್ನಡದಲ್ಲಿರಲಿ, ಒಂದೇ ಹಾಳೆ ಇರಲಿ. ಅದರ ಪ್ರತಿಯನ್ನು ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗೂ ಅಂಟಿಸಿ, ದಲ್ಲಾಳಿ ನಿಲ್ಲುವ ಗೇಟಿನ ಎದುರಿಗೇ. ವಿಮಾ ಕಂಪನಿಗಳು ಸುಳ್ಳು ಅಂತ ತಕರಾರು ಹಾಕಿದ ಪ್ರತಿ ಕೇಸಿನಲ್ಲೂ ಪೊಲೀಸರಿಗೆ ಕಾಗದಗಳ ಸಮೇತ ಲಿಖಿತ ದೂರು ಕೊಡಲಿ. ಕೊಡುವಷ್ಟು ಆಧಾರ ಇಲ್ಲದಿದ್ದರೆ ಆ ತಕರಾರು ಹಿಂದೆ ತೆಗೆದುಕೊಂಡು ಪರಿಹಾರ ಕೊಡಲಿ. ಆ ದೂರಿನ ಜೊತೆ ನನ್ನ ವರದಿ ಬೇಕಿದ್ದರೆ ಸಹಿ ಹಾಕಿ ಕೊಡುತ್ತೇನೆ, ಕರೆದ ಕಡೆ ಬಂದು ಸಾಕ್ಷಿಯನ್ನೂ ಹೇಳುತ್ತೇನೆ.

ಜಿಲ್ಲಾ ಸಮಿತಿಯ ಮುಂದಿನ ಸಭೆ ಯಾವಾಗ ಅಂತ ಪತ್ರಿಕೆಗಳಿಗೆ ತಿಳಿಸಿದರೆ ಈ ಭಾಗದ ಕೆಲವು ಕುಟುಂಬಗಳನ್ನು ಅರ್ಜಿ ಸಮೇತ ಕಳಿಸಿಕೊಡುತ್ತೇನೆ.

ಇಂತಿ,
ಎಂವಿಸಿ ಕೇಸುಗಳ ಒಬ್ಬ ತನಿಖಾದಾರ
ಸಿಂಧನೂರು